ಸುಣ್ಣ ಬಳಿದ ಗೊನೆ

ಹನ್ನೆರಡು ವರ್ಷ ಟಾಕೀಸಿನಲ್ಲಿ ಯಂತ್ರ ನಡೆಸಿದ ಸೂಗಪ್ಪನಿಗೆ ಇಷ್ಟಾದರೂ ಗೊತ್ತಿರಬೇಕಿತ್ತು: ಕಪ್ಪು ಬಿಳುಪು ಚಿತ್ರದಲ್ಲಿ ಕುಂಕುಮ ಕಪ್ಪಗೇ ಕಾಣುತ್ತದೆ. ದಿನಕ್ಕೆ ಮೂರು ಆಟ ನೋಡುವ ಮನುಷ್ಯನಿಗೆ ಅದು ಹೊಳೆಯಲೇ ಇಲ್ಲ. ಹೊಳೆದಿದ್ದರೆ ಮುಂಬಯಿ ಕಂಪನಿಯವರ ಮುಂದೆ ಅಷ್ಟು ಜಂಬ ಕೊಚ್ಚಿಕೊಳ್ಳುತ್ತಿರಲಿಲ್ಲ.

ಪೊಲೀಸ್ ಆ್ಯಕ್ಷನ್ ಮುಗಿದು ನಾಲ್ಕು ವರ್ಷವಾಗಿತ್ತು. ಕಲಬುರಗಿಯ ಜಗತ್ ಬಡಾವಣೆಯ ಹತ್ತಿರದ ಟಾಕೀಸಿಗೆ ಬಂದಿದ್ದ ಕಂಪನಿಯ ಮ್ಯಾನೇಜರ, ಹೊಸ ಚಿತ್ರಕ್ಕೆ ಹಸಿರಾದ ಊರೊಂದು ಬೇಕು ಎಂದ. ಸೂಗಪ್ಪ ನಡುವೆ ಬಾಯಿ ಹಾಕಿದ.

"ನಮ್ಮ ಕಮಲಾಪುರಕ್ಕ ಬರ್ರಿ ಸಾಹೇಬ್ರ. ನಮ್ಮಕ್ಕನ ತೋಟದಾಗ ಕೆಂಪು ಬಾಳಿ ಅದ. ಇಡೀ ಮುಲ್ಕಿನಾಗ ಅಂಥಾದ್ದು ಎಲ್ಲೂ ಸಿಗಂಗಿಲ್ಲ!"

ಅವನ ಆಸೆಯಲ್ಲಿ ತಪ್ಪೇನಿತ್ತು ಹೇಳಿ? ಆ ವರ್ಷಗಳಲ್ಲಿ ಈ ಸೀಮೆಯ ಹೆಸರು ಪೇಪರಿನಲ್ಲಿ ಬಂದರೆ ಯಾರ ಮನೆ ಸುಟ್ಟಿತು, ಯಾರು ಊರು ಬಿಟ್ಟು ಓಡಿದರು ಎಂಬುದಕ್ಕೇ ಬರುತ್ತಿತ್ತು. ಒಂದು ಸಲವಾದರೂ ಜನ ನಮ್ಮೂರನ್ನು ನೋಡಿ ಚೆಂದ ಅನ್ನಲಿ ಎಂದು ಅವನಿಗೆ ಅನ್ನಿಸಿತ್ತು.

ಊರು ಕಂಪನಿಯವರನ್ನು ಬೀಗರ ಹಾಗೆ ನೋಡಿಕೊಂಡಿತು. ಚಾವಡಿ ಬಿಟ್ಟುಕೊಟ್ಟರು, ಚಕ್ಕಡಿ ಕೊಟ್ಟರು, ಮನೆಮನೆಯಿಂದ ಬಿಸಿ ರೊಟ್ಟಿ ಶೇಂಗಾಹಿಂಡಿ ಹೋಯಿತು. ದೊಡ್ಡ ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದು, ಅವರು ಕೇಳಿದ್ದಕ್ಕೆ ಇಲ್ಲ ಅನ್ನಬೇಡಿ ಎಂದು ಅಪ್ಪಣೆ ಮಾಡಿ ಹೋದರು.

ಇಲ್ಲ ಅಂದವಳು ಅಕ್ಕ ಭಾಗಮ್ಮ ಒಬ್ಬಳೇ. ಬಾವಿಯಿಂದ ಕೊಡದಲ್ಲಿ ನೀರು ಹೊತ್ತು ಆ ಬಾಳೆಯನ್ನು ಒಂದೂವರೆ ವರ್ಷ ಸಾಕಿದ್ದಳು. ಮೊದಲ ಗೊನೆಗಳು ಬಲಿತಿದ್ದವು. ಮಗಳು ಶಾರದಾಬಾಯಿ ಏಳು ತಿಂಗಳ ಬಸುರಿ. ಹದಿನೈದು ದಿನಕ್ಕೆ ಅವಳ ಕುಬಸ. ಹಸಿರು ಸೀರೆ ಉಡಿಸಿ ಉಡಿ ತುಂಬುವಾಗ ತವರಿನ ತೋಟದ ಕೆಂಪು ಬಾಳೆಯೇ ಮಡಿಲಿಗೆ ಬೀಳಬೇಕೆಂಬುದು ಅವರ ಮನೆತನದ ಪದ್ಧತಿ.

"ತೋಟ ನೋಡ್ಲಿ, ಚಿತ್ರ ತಗೀಲಿ. ನನ್ನ ಗೊನಿಗಿ ಮಾತ್ರ ಯಾರೂ ಕೈ ಹಚ್ಚಬಾರದು, ತಮ್ಮಾ."

"ನಾ ಅದೀನಲ್ಲಕ್ಕಾ," ಎಂದ ಸೂಗಪ್ಪ.

ಮೂರನೆಯ ದಿನ ಕ್ಯಾಮೆರಾದವನು ಕಣ್ಣು ಕಿರಿದು ಮಾಡಿ ನೋಡಿ, ಕೆಂಪು ಬಣ್ಣ ಫಿಲ್ಮಿನಲ್ಲಿ ಕಪ್ಪಗೆ ಬೀಳುತ್ತದೆ, ಹಣ್ಣು ಕೊಳೆತ ಹಾಗೆ ಕಾಣುತ್ತದೆ ಎಂದ. ಮ್ಯಾನೇಜರ ಒಂದು ಬಕೆಟ್ ಸುಣ್ಣ ತರಿಸಿದ. "ಧುಲ್ ಜಾಯೇಗಾ ಭಾಯಿ," ತೊಳೆದರೆ ಹೋಗುತ್ತದೆ ಎಂದು ಸೂಗಪ್ಪನ ಬೆನ್ನು ತಟ್ಟಿದ. ಸೂಗಪ್ಪ ಒಮ್ಮೆ ಮನೆಯ ಕಡೆ ನೋಡಿದ, ಒಮ್ಮೆ ಕ್ಯಾಮೆರಾದ ಕಡೆ ನೋಡಿದ. ಆಮೇಲೆ ಆಯಿತು ಎಂದು ತಲೆಯಾಡಿಸಿದ.

ಭಾಗಮ್ಮ ಬುಟ್ಟಿ ಹಿಡಿದು ಬರುವಷ್ಟರಲ್ಲಿ ಗೊನೆಗಳೆಲ್ಲ ಬೆಳ್ಳಗಾಗಿದ್ದವು. ಆಗ ತಾನೇ ಅರಳಿಸಿದ ಸುಣ್ಣ, ಬಿಸಿ ಆರಿರಲಿಲ್ಲ. ತೊಳೆದರೂ ಹೋಗಲಿಲ್ಲ. ನಾಲ್ಕೇ ದಿನಕ್ಕೆ ಸಿಪ್ಪೆ ಸುಟ್ಟು, ಬಿರುಕು ಬಿಟ್ಟು, ಹಣ್ಣು ಹಾಳಾಯಿತು. ಕಂಪನಿ ಅಷ್ಟೊತ್ತಿಗೆ ಗಂಟು ಕಟ್ಟಿ ಹೊರಟುಹೋಗಿತ್ತು. ಹೋಗುವಾಗ ಒಂದು ಮಾತು ಕೇಳುವ ಸೌಜನ್ಯವೂ ಆ ದೊಡ್ಡ ಮನುಷ್ಯರಿಗೆ ಇರಲಿಲ್ಲ.

ಕುಬಸಕ್ಕೆ ಕಲಬುರಗಿ ಪೇಟೆಯಿಂದ ಹಳದಿ ಬಾಳೆಹಣ್ಣು ತಂದರು. "ಕಮಲಾಪುರದಾಕಿ ಪ್ಯಾಟಿ ಹಣ್ಣು ಉಡಿಗಿ ಹಾಕ್ಯಾಳ ನೋಡ್ರೆವ್ವಾ," ಎಂದು ಬೀಗರ ಹೆಂಗಸರು ಕೇಳುವ ಹಾಗೆಯೇ ಆಡಿಕೊಂಡರು. ಭಾಗಮ್ಮ ಉಡಿ ತುಂಬಿದಳು, ಊಟ ಬಡಿಸಿದಳು. ತಮ್ಮನ ಜೊತೆ ಮಾತು ಬಿಟ್ಟಳು.

ಇಷ್ಟಾದರೂ ಸೂಗಪ್ಪ ಒಂದು ಆಸೆ ಹಿಡಿದುಕೊಂಡಿದ್ದ. ಚಿತ್ರ ಬರಲಿ, ಊರ ಹೆಸರು ಪರದೆಯ ಮೇಲೆ ಬರಲಿ, ಅಕ್ಕನ ಸಿಟ್ಟು ಇಳಿದೀತು. ವರ್ಷದ ಮೇಲೆ ಚಿತ್ರ ಅವನ ಟಾಕೀಸಿಗೇ ಬಂತು. ಮ್ಯಾಟ್ನಿಗೆ ಊರಿಗೆ ಊರೇ ಬರುವಂತೆ ಹೇಳಿ ಕಳಿಸಿದ. ಅಂದು ಬೆಳಿಗ್ಗೆ ಒಬ್ಬನೇ ಕೂತು ರೀಲು ಓಡಿಸಿ ನೋಡಿದ. ಮೊದಲಿನ ಹೆಸರುಗಳ ಸಾಲಿನಲ್ಲಿ ಕಮಲಾಪುರ ಇರಲಿಲ್ಲ. ಐದನೆಯ ರೀಲಿನಲ್ಲಿ ನಾಯಕಿ ಬೆಳ್ಳನೆಯ ಗೊನೆಗೆ ಕೆನ್ನೆ ಒತ್ತಿ, ಇದು ನಮ್ಮ ಕೊಂಕಣ ಎಂದು ಹಿಂದಿಯಲ್ಲಿ ಕುಲುಕುಲು ನಕ್ಕಳು.

ಸೂಗಪ್ಪನ ಮೈ ಉರಿದುಹೋಯಿತು. ಉಂಡ ರೊಟ್ಟಿಯ ನೆನಪೂ ಬೇಡವೇ ಈ ಮಂದಿಗೆ? ಬೀಡಿ ಸೇದಬಾರದು ಎಂಬ ಸೂಚನೆಯನ್ನು ಅವನು ಮಸಿ ಹಿಡಿಸಿದ ಗಾಜಿನ ಮೇಲೆ ಮೊಳೆಯಿಂದ ಗೀಚಿ ಪರದೆಗೆ ಬಿಡುತ್ತಿದ್ದ. ಅಂಥ ಗಾಜೊಂದನ್ನು ಚಿಮಣಿ ದೀಪಕ್ಕೆ ಹಿಡಿದ.

ಮಧ್ಯಾಹ್ನ ಟಾಕೀಸು ತುಂಬಿತು. ಮಗಳ ಒತ್ತಾಯಕ್ಕೆ ಭಾಗಮ್ಮನೂ ಬಂದು ಹಿಂದಿನ ಸಾಲಿನಲ್ಲಿ, ಸೂಗಪ್ಪನ ಕೋಣೆಯ ಕಿಂಡಿಯ ಕೆಳಗೇ ಕೂತಳು. ತೋಟ ಬಂದಾಗ ಕಮಲಾಪುರದವರು ಸಿಳ್ಳೆ ಹೊಡೆದರು. ಕೊಂಕಣ ಅಂದಾಗ ಸಿಳ್ಳೆ ನಿಂತಿತು. ಸೂಗಪ್ಪ ಯಂತ್ರ ನಿಲ್ಲಿಸಿ, ಬಾಗಿಲ ಅಗಳಿ ಹಾಕಿ, ಬೆಳಿಗ್ಗೆ ಗೀಚಿಟ್ಟ ಗಾಜನ್ನು ಪರದೆಗೆ ಬಿಟ್ಟ.

ಊರಿನ ಮಾಪಣ್ಣ ಮಾಸ್ತರು ಎದ್ದು ನಿಂತು ಓದಿದರು. "ಇದು ಕೊಂಕಣ ಅಲ್ಲ. ಕಮಲಾಪುರದ ಭಾಗಮ್ಮನ ತೋಟ. ಬಾಳೆ ಕೆಂಪು. ಬಿಳಿ ಕಂಡದ್ದು ಸುಣ್ಣ."

ಚಪ್ಪಾಳೆ ಬಿತ್ತು. ಟಾಕೀಸಿನ ಸೇಠ ಬಂದು ಬಾಗಿಲು ಬಡಿಯತೊಡಗಿದ. "ಹುಚ್ಚ ಹಿಡದದೇನಲೇ ಸೂಗ್ಯಾ? ನಾಳಿಂದ ಬರಬ್ಯಾಡ!"

"ಬರಂಗಿಲ್ರಿ," ಎಂದ ಸೂಗಪ್ಪ.

ಚಪ್ಪಾಳೆ ನಿಂತ ಮೇಲೆ ಕಿಂಡಿಯ ಕೆಳಗಿನಿಂದ, ಒಂದು ವರ್ಷದಿಂದ ಕೇಳದ ದನಿ ಬಂತು.

"ಸುಣ್ಣ ಹಚ್ರಿ ಅಂತ ತಲಿ ಆಡಿಸಿದಾಂವ ಯಾರಂತ ಬರದಿಲ್ಲೇನು, ತಮ್ಮಾ?"

ಕೂತ ಮಂದಿಯೆಲ್ಲ ಹಿಂದಕ್ಕೆ ತಿರುಗಿತು. ಬಾಗಿಲ ಬಡಿತ ಜೋರಾಗುತ್ತಿತ್ತು. ಸೂಗಪ್ಪ ಇನ್ನೊಂದು ಗಾಜು ಎತ್ತಿಕೊಂಡು ದೀಪಕ್ಕೆ ಹಿಡಿದ, ಮಸಿ ಕೂರುವವರೆಗೆ ಕಾದ, ಮೊಳೆಯಿಂದ ತನ್ನ ಹೆಸರು ಬರೆದು ಪರದೆಗೆ ಬಿಟ್ಟ.