ಹುಳಕ್ಕೆ ಹೆಣ್ಣು ಮಾಡಿದವಳು

ಬಿಸಿಲು ಬಲಿಯುವ ಕಾಲ. ಹನ್ನೊಂದರ ಹೊತ್ತಿಗೆ ಬಣ್ಣಗಾತಿಯ ಮೇಜಿನ ಮೇಲೆ ಮೂವತ್ತು ಹೆಣ್ಣುಗಳು ಒಣಗುತ್ತಿದ್ದವು. ಒಂದೊಂದೂ ಭತ್ತದ ಕಾಳಿಗಿಂತ ತುಸು ಉದ್ದ. ಪ್ಲಾಸ್ಟಿಕ್ ಮೈ, ಅದರ ಮೇಲೆ ಅವಳು ಬಳಿದ ಮಿರುಗುವ ಹಸಿರು. ಯಾವುದೋ ಹಡಗಿನ ಮರದ ಪೆಟ್ಟಿಗೆಯಲ್ಲಿ ಬಂದಿಳಿದ ಹುಳವೊಂದು ಊರಿನ ಮರಗಳನ್ನು ತೊಗಟೆಯ ಒಳಗಿನಿಂದಲೇ ತಿಂದು ಮುಗಿಸುತ್ತಿತ್ತು. ಈ ಸುಳ್ಳು ಹೆಣ್ಣುಹುಳವನ್ನು ಎಲೆಗೆ ಅಂಟಿಸಿ ಸುತ್ತ ಗೋಂದು ಸವರಿದರೆ ಸಾಕು, ಗಂಡುಗಳು ಬಂದೆರಗಿ ಸಿಕ್ಕಿಬೀಳುತ್ತಿದ್ದವು. ಒಂದೇ ಮರದಲ್ಲಿ ಹತ್ತಕ್ಕಿಂತ ಹೆಚ್ಚು ಸಿಕ್ಕರೆ ಮರಕ್ಕೆ ಹುಳ ಬಿದ್ದಿದೆಯೆಂದು ಅರ್ಥ. ನಗರಸಭೆಯಿಂದ ಎಣಿಸಲು ಬಂದವನು ಅದಕ್ಕೆ ಕೆಂಪು ಪಟ್ಟಿ ಕಟ್ಟುತ್ತಿದ್ದ, ಮರುದಿನ ಗರಗಸ.

ಅವಳ ಅಕ್ಕ ಹೊಲಿಗೆಯವಳು. ಬೀದಿಬದಿಯ ಮರದಡಿ ಮೆಷಿನ್ ಇಟ್ಟುಕೊಂಡೇ ತಾಯಿಯಿಲ್ಲದ ತಂಗಿಯನ್ನು ಸಾಕಿದವಳು. ಆ ಮರಕ್ಕೆ ಬಣ್ಣಗಾತಿ ತಾನೇ ಏಣಿ ಹತ್ತಿ ಹೆಣ್ಣುಗಳನ್ನು ಅಂಟಿಸಿದ್ದಳು.

“ಇಷ್ಟು ಚೆಂದದ ಹುಡುಗೀರಿಗೆ ಗಂಡು ಸಿಗದೆ ಇರತ್ತಾ? ನಿನಗೇ ಒಂದೂ ಕುದುರಲಿಲ್ಲ, ಅಷ್ಟೇ,” ಎಂದು ಅಕ್ಕ ಕೆಳಗಿನಿಂದ ಚುಡಾಯಿಸಿದ್ದಳು.

“ಸುಮ್ನಿರೇ ಅಕ್ಕ. ಬೇರೆ ಮರದ ಹೆಣ್ಣುಗಳಿಗೆ ಒಂದು ಕೈ ಬಣ್ಣ, ನಿನ್ನ ಮರದವಕ್ಕೆ ಮೂರು ಕೈ.”

ಆಗಿದ್ದ ತಪ್ಪು ಅದೇ. ಮೂರನೆಯ ದಿನ ಅಕ್ಕನ ಫೋನು ಬಂತು: “ಬೇಗ ಬಾರೇ. ಎಣಿಸೋನು ಪಕ್ಕದ ಬೀದಿಗೆ ಬಂದಿದ್ದಾನೆ. ಮೇಲೆಲ್ಲಾ ಹುಳ!”

ಕೈ ತೊಳೆಯದೆಯೇ ಓಡಿದಳು. ಏಣಿ ಹತ್ತಿ ನೋಡಿದಳು. ಒಂದೇ ಕೊಂಬೆಯಲ್ಲಿ ನಲವತ್ತರ ಮೇಲೆ. ಎಲ್ಲದರ ತಲೆಯೂ ಅವಳು ಮಾಡಿದ ಹೆಣ್ಣಿನ ಕಡೆಗೆ. ಆದರೆ ಒಂದು ಎಲೆಯ ಅಂಚೂ ಕಚ್ಚಿರಲಿಲ್ಲ, ತೊಗಟೆಯಲ್ಲಿ ಒಂದು ತೂತೂ ಇರಲಿಲ್ಲ. ಇವು ಈ ಮರದ ಹುಳಗಳಲ್ಲ. ಅವಳ ಬಣ್ಣಕ್ಕೆ ಎಲ್ಲಿಂದಲೋ ಬಂದವು.

“ಕೆರೆದು ಹಾಕೇ!” ಅಕ್ಕ ಏಣಿ ಹಿಡಿದುಕೊಂಡೇ ಕೂಗಿದಳು.

ಚಾಕುವಿನಿಂದ ಕೆರೆದು ಸೆರಗಿಗೆ ತುಂಬಿಕೊಂಡಳು. ಕೆರೆದಷ್ಟೂ ಹೊಸವು ಬಿಸಿಲಿನಿಂದ ಉದುರಿದಂತೆ ಇಳಿದವು. ಆಮೇಲೆ ಒಂದು ಅವಳ ಹೆಬ್ಬೆರಳ ಉಗುರಿನ ಮೇಲೆ ಕೂತಿತು. ಇನ್ನೊಂದು ಕಿರುಬೆರಳಿಗೆ. ಕಚ್ಚಲಿಲ್ಲ, ಅಲುಗಲಿಲ್ಲ. ಕಾದು ಕೂತವು.

ಅವಳಿಗೆ ಹೊಳೆದುಬಿಟ್ಟಿತು: ಎಲೆಗಳ ಮೇಲಿರುವುದಕ್ಕಿಂತ ಹೆಚ್ಚು ಹಸಿ ಬಣ್ಣ ತನ್ನ ಕೈಮೇಲೇ ಇದೆ. ಮೆಲ್ಲಗೆ ಇಳಿದು, ಹಸಿರು ಮೆತ್ತಿದ ಎರಡೂ ಕೈ ಮೇಲೆತ್ತಿ ಬೀದಿಯುದ್ದಕ್ಕೂ ನಡೆದಳು. ತಲೆಯ ಮೇಲೆ ಸಣ್ಣಗೆ ಗುಂಯ್ ಎನ್ನುವ ಸದ್ದು ಜೊತೆಗೇ ಬಂತು. ಎದುರು ಬಂದ ಹಾಲಿನವನು ಸೈಕಲ್ ಇಳಿದು ಗೋಡೆಗೆ ಒತ್ತಿ ನಿಂತ. ಅವಳು ಹಿಂದೆ ನೋಡಲಿಲ್ಲ. ಮರವೇ ಇಲ್ಲದ ಕಲ್ಲುಗಣಿ ತಲುಪುವ ಹೊತ್ತಿಗೆ ಮೊಣಕೈವರೆಗೂ ಹಸಿರಾಗಿದ್ದಳು; ಅದರಲ್ಲಿ ಬಣ್ಣ ಎಷ್ಟು, ಹುಳ ಎಷ್ಟು, ತಿಳಿಯುವಂತಿರಲಿಲ್ಲ.

ತಿನ್ನರ್ ಸುರಿದು ಮೂರು ದಿನ ತಿಕ್ಕಿದಳು. ಚರ್ಮ ಸುಲಿಯಿತೇ ಹೊರತು ಉಗುರಿನ ಸಂದಿಯ ಬಣ್ಣ ಹೋಗಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಅಕ್ಕ ಫೋನು ಮಾಡಿದಳು. “ಅವತ್ತು ಅವನು ಏಳೇ ಎಣಿಸಿದ್ದು ಕಣೇ. ಪಟ್ಟಿ ಕಟ್ಟಲ್ಲ ಅಂತ ಇವತ್ತು ಕಾಗದನೂ ಬಂತು! ಮರದ ಕೆಳಗೇ ಊಟ ಮಾಡೋಣ, ಬಾ.”

ಬಣ್ಣಗಾತಿ ಕಿಟಕಿಯತ್ತ ನೋಡಿದಳು. ಗಾಜಿನ ಹೊರಗೆ ಹುಳಗಳ ಸಣ್ಣ ಹೊಟ್ಟೆಗಳು ಸಾಲಾಗಿ ಅಂಟಿದ್ದವು. ಎಲ್ಲದರ ತಲೆಯೂ ಅವಳ ಕಡೆಗೆ.

“ಆಗಲ್ಲ ಅಕ್ಕ.”

“ಓಹೋ! ಸಾಕಿದ ಋಣ ತೀರಿತು, ಇನ್ನು ಈ ಕಡೆ ತಲೆ ಹಾಕಲ್ಲ ಅಂತಾನಾ?”

“ಹೂಂ ಅಂದ್ಕೋ,” ಎಂದು ಬಣ್ಣಗಾತಿ ಕಿಟಕಿಯ ಪರದೆ ಎಳೆದಳು.