ಯಾರೂ ಇಲ್ಲದ ದಾರಿ

ಇಲ್ಲದ ಗೋದಾಮನ್ನು ಹುಡುಕಿಕೊಂಡು ಬಂದ ಲಾರಿಯನ್ನು ನೀವು ಕಂಡಿದ್ದೀರಾ? ಹಾಲಿನಕ್ಕ ಕಂಡಳು. ಬೆಳಗಿನ ಹೊತ್ತು, ಎದುರಿಗೆ ನಿಂತವರ ಮುಖವೂ ಕಾಣದಷ್ಟು ಮಂಜು. ಹಾಲು ಮಾರುವ ಕ್ಯಾನು ತೊಳೆದು ಅಂಗಳಕ್ಕೆ ಬಂದರೆ, ಬೇಲಿಯಾಚೆ ಮನೆಗಿಂತ ಎತ್ತರದ ಲಾರಿಯೊಂದು ಸದ್ದಿಲ್ಲದೆ ನಿಂತಿತ್ತು.

"ಅಕ್ಕಾ, ಗೋದಾಮಿನ ಗೇಟು ತೆಗೀರಿ," ಎಂದ ಡ್ರೈವರ್.

"ಯಾವ ಗೋದಾಮಪ್ಪಾ? ಇದು ನಮ್ಮ ಕೊಟ್ಟಿಗೆ."

ಅವನು ಫೋನು ಚಾಚಿದ. "ನೋಡಿ, ಇಲ್ಲೇ ತೋರಿಸ್ತಿದೆ. ನೀವು ನಿಂತಿರೋದೇ ಗೋದಾಮಿನ ಒಳಗೆ."

ಫೋನಿನಲ್ಲಿ ಕೊಟ್ಟಿಗೆ ಇರಲಿಲ್ಲ, ಮನೆಯೂ ಇರಲಿಲ್ಲ. ಒಂದು ಬೂದು ಚೌಕ, ಅದರ ನಡುವೆ ಮಿನುಗುವ ಚುಕ್ಕಿ. ಹಾಲಿನಕ್ಕ ಫೋನನ್ನು ಹಿಂದಕ್ಕೆ ತಳ್ಳಿದಳು.

ಆ ಕಿರಿದಾದ ದಾರಿಯಲ್ಲಿ ಲಾರಿ ತಿರುಗಿಸಲು ಜಾಗವೆಲ್ಲಿ? ಅದು ಮುಂದಕ್ಕೇ ಸಾಗಿ ಮಂಜಿನಲ್ಲಿ ಮರೆಯಾಯಿತು. ಆಗ ಅವಳಿಗೆ ನೆನಪಾಯಿತು. ಗಂಡ ಹಸುಗಳನ್ನು ಹೊಡೆದುಕೊಂಡು ಅದೇ ದಾರಿಯಲ್ಲಿ ಹೋಗಿದ್ದಾನೆ, ಅವನಿಗೋ ಎರಡೂ ಕಿವಿ ಕೇಳುವುದಿಲ್ಲ! ಬಿದ್ದಂಬೀಳ ಓಡಿದಳು. ಲಾರಿ ಅವನ ಬೆನ್ನಿಗೆ ಗೇಣು ದೂರದಲ್ಲಿ ತೆವಳುತ್ತ ಒಂದೇ ಸಮನೆ ಹಾರ್ನ್ ಹೊಡೆಯುತ್ತಿತ್ತು. ಅವನು ಮಾತ್ರ ಏನೋ ಗುನುಗಿಕೊಂಡು ದಾರಿಯ ನಡುವೆಯೇ ನಡೆಯುತ್ತಿದ್ದ. ಓಡಿಬಂದು ತೋಳು ಹಿಡಿದ ಹೆಂಡತಿಯನ್ನು ನೋಡಿ, "ಯಾಕೇ, ಅಳ್ತಿದ್ದೀಯಾ?" ಎಂದ.

ಆ ವಾರ ಮತ್ತೂ ಲಾರಿಗಳು ಬಂದವು. ಎಲ್ಲರದೂ ಒಂದೇ ಮಾತು, ಗೇಟು ತೆಗೀರಿ. ಹಾಲಿನಕ್ಕನಿಗೆ ಊಟ ಸೇರದಾಯಿತು. ಮನೆಮನೆ ಸುತ್ತಿ ಆರೋಗ್ಯ ವಿಚಾರಿಸುವ ನರ್ಸಮ್ಮ ಬಂದಾಗ ಎಲ್ಲವನ್ನೂ ಹೇಳಿಕೊಂಡಳು. ಪಕ್ಕದಲ್ಲೇ ಕೂತಿದ್ದ ಹಾಲಿನಕ್ಕನ ಮೈದುನ, ಗ್ಯಾರೇಜು ನಡೆಸುವವನು, ನಕ್ಕುಬಿಟ್ಟ.

"ಬರ್ಲಿ ಬಿಡಿ ಅತ್ತಿಗೆ. ಇಲ್ಲಿ ಗೋದಾಮು ಬರುತ್ತಂತೆ, ಎದ್ರೆ ನನ್ನ ಗ್ಯಾರೇಜಿಗೆ ಸುಗ್ಗಿ. ದೊಡ್ಡೋರು ತೀರ್ಮಾನ ಮಾಡಿ ಆಗಿದೆ. ನಾವು ಬಾಯಿ ಬಡ್ಕೊಂಡ್ರೆ ಕೇಳ್ತಾರಾ?"

"ತೀರ್ಮಾನ ಇನ್ನೂ ಆಗಿಲ್ಲ ಕಣಪ್ಪಾ," ಎಂದಳು ನರ್ಸಮ್ಮ. "ಯಾರೋ ಆತುರಗೇಡಿಗಳು ಫೋನಿನಲ್ಲಿ ಮೊದಲೇ ಗುರುತು ಹಾಕಿರ್ಬೇಕು. ಹೊಲದ ಜಾಗ ಗೋದಾಮಿಗೆ ಹೋಗ್ಬೇಕಾದ್ರೆ ಮೊದಲು ಕರಡು ನಕ್ಷೆ ಮಾಡಿ ಜನರ ಮುಂದೆ ಇಡ್ತಾರೆ. ಯಾರು ಬೇಕಾದ್ರೂ ನೋಡ್ಬಹುದು, ಆಕ್ಷೇಪಣೆ ಬರೆದು ಕೊಡ್ಬಹುದು. ಬನ್ನಿ, ಕಣ್ಣಾರೆ ನೋಡ್ಕೊಂಡು ಬರೋಣ."

ಯೋಜನಾ ಕಚೇರಿಯ ಪಡಸಾಲೆಯಲ್ಲಿ ನಕ್ಷೆ ತೂಗುತ್ತಿತ್ತು. ಹೊಲಕ್ಕೆ ಹಸಿರು, ಗೋದಾಮಿಗೆ ನೇರಳೆ. ಅವರ ಕೊಟ್ಟಿಗೆ ನೇರಳೆಯಲ್ಲಿ ಮುಳುಗಿತ್ತು. ಪಕ್ಕದಲ್ಲಿ ಅವರ ಊರದಾರಿಯ ದೊಡ್ಡ ಫೋಟೋ. ಅದೇ ತಿರುವು, ಅದೇ ಬೇಲಿ, ಅದೇ ಕಲ್ಲುಹಾಸು. ಆದರೆ ಒಬ್ಬ ಮನುಷ್ಯನಿಲ್ಲ, ಒಂದು ಕೋಳಿಯೂ ಇಲ್ಲ. ಸಾಲುಮನೆಗಳ ಬಾಗಿಲೆಲ್ಲ ಮುಚ್ಚಿವೆ. ಕೆಳಗೆ ಬರೆದಿತ್ತು: ಜನಸಂಚಾರವಿಲ್ಲ, ಲಾರಿ ಓಡಾಟಕ್ಕೆ ಅಡ್ಡಿಯಿಲ್ಲ.

"ನಾವೆಲ್ಲ ಸತ್ತಮೇಲೆ ತೆಗೆದ ಫೋಟೋ ಇದ್ದ ಹಾಗಿದೆ," ಎಂದಳು ಹಾಲಿನಕ್ಕ, ದನಿ ಇಳಿಸಿ.

ಮೈದುನನ ಮುಖ ಬಿಳಿಚಿಕೊಂಡಿತು. "ಅಯ್ಯೋ ಅತ್ತಿಗೆ! ಇದು ಅವತ್ತು ಸಾಹೇಬ್ರು ಬಂದ ದಿನ ತೆಗೆದದ್ದು."

ಆ ಊರಿನವರದು ಅತಿಯಾದ ಮರ್ಯಾದೆ. ಹೊರಗಿನವರ ಗಾಡಿ ಬಂದರೆ ಸಾಕು, ದಾರಿ ಖಾಲಿ ಮಾಡಿಕೊಟ್ಟು ಒಳಗೆ ಸೇರಿಬಿಡುತ್ತಾರೆ. ಅಂದು ಇದೇ ಮೈದುನ ಮನೆಮನೆಗೆ ಹೋಗಿ, "ಸಾಹೇಬ್ರು ಬರ್ತಿದ್ದಾರೆ, ದನ ಕಟ್ಟಿ, ಬಾಗಿಲು ಹಾಕ್ಕೊಳ್ಳಿ," ಎಂದು ಸಾರಿದ್ದ. ಮಕ್ಕಳನ್ನು ಹೊಲದ ಬದುವಿನ ಮೇಲೆ ಶಾಲೆಗೆ ಅಟ್ಟಿದ್ದರು. ಬಂದವರು ಎಣಿಸಬೇಕಾಗಿದ್ದುದು ದಾರಿಯಲ್ಲಿ ಓಡಾಡುವ ಜನರನ್ನೇ ಎಂದು ಯಾರಿಗೆ ಗೊತ್ತಿತ್ತು! ಮರ್ಯಾದೆ ಕೊಡಲು ಹೋಗಿ ಇಡೀ ಊರು ಲೆಕ್ಕದಿಂದ ಮಾಯವಾಗಿತ್ತು.

ನರ್ಸಮ್ಮನ ಮಾತಿನಂತೆ ಆಕ್ಷೇಪಣೆ ಬರೆದು ಕೊಟ್ಟರು, ರಸೀದಿ ಪಡೆದರು. ವಿಚಾರಣೆಯ ದಿನ ಸಭಾಂಗಣ ತುಂಬಿತ್ತು. "ಆಕ್ಷೇಪಣೆ ಇದ್ದವರು ಹೇಳಬಹುದು," ಎಂದರು ಅಧಿಕಾರಿ. ಊರಿಗೆ ಊರೇ ಮರ್ಯಾದೆಯಿಂದ ತಲೆ ತಗ್ಗಿಸಿ ಕೂತಿತು. ಅಧಿಕಾರಿಯ ಕಣ್ಣು ಖಾಲಿ ಕುರ್ಚಿಗಳ ಮೇಲೆ ಹಾಯುವಂತೆ ಅವರ ಮೇಲೆ ಹಾಯ್ದುಹೋಯಿತು. ಹಾಲಿನಕ್ಕನಿಗೆ ಆ ಕ್ಷಣ ತಾನು ನಿಜವಾಗಿಯೂ ಇಲ್ಲವೇನೋ ಅನ್ನಿಸಿ ಭಯವಾಯಿತು. ಪಕ್ಕದಲ್ಲಿ ಗಂಡ ಏನೂ ಕೇಳಿಸದೆ ಅವಳನ್ನೇ ನೋಡಿ ನಗುತ್ತಿದ್ದ. ಎದ್ದು ನಿಂತಳು.

"ಸ್ವಾಮೀ, ಗೋದಾಮೇ ಬೇಡ ಅಂತ ನಾನು ಹೇಳ್ತಿಲ್ಲ. ಕೆಲಸ ಎಲ್ರಿಗೂ ಬೇಕು. ಆದ್ರೆ ಈ ದಾರೀಲಿ ನಾವು ಓಡಾಡ್ತೀವಿ. ಇವ್ರು ನಮ್ಮ ಯಜಮಾನ್ರು, ಇವ್ರಿಗೆ ಹಾರ್ನ್ ಕೇಳಲ್ಲ. ಇವ್ರಿಗೆ ಏನಾದ್ರೂ ಆದ್ರೆ ನಾನು ಬದುಕಲ್ಲ. ಇನ್ನೊಂದ್ಸಲ ಎಣಿಸಿ. ಬರೋ ದಿನ ಮಾತ್ರ ನಮಗೆ ಹೇಳ್ಬೇಡಿ."

ಮೈದುನ ಎದ್ದ. "ಅವತ್ತು ದಾರಿ ಖಾಲಿ ಮಾಡಿಸಿದ್ದು ನಾನೇ ಸಾರ್. ಅತ್ತಿಗೆ ಹೇಳ್ತಿರೋದು ಸರಿ. ಮೊದಲು ಲಾರಿಗೆ ಬೇರೆ ದಾರಿ, ಆಮೇಲೆ ಗೋದಾಮು." ಆಮೇಲೆ ಒಬ್ಬೊಬ್ಬರಾಗಿ ಎದ್ದರು. ಮರು ಎಣಿಕೆ ಆಗುವವರೆಗೆ ತೀರ್ಮಾನವಿಲ್ಲ ಎಂದು ಅಧಿಕಾರಿ ಬರೆಸಿದರು.

ಒಂದು ಬೆಳಿಗ್ಗೆ, ಅಂಥದೇ ಮಂಜಿನಲ್ಲಿ, ತಿರುವಿನ ಬಳಿ ಎಣಿಕೆಯವನೊಬ್ಬ ಕುರ್ಚಿ ಹಾಕಿ ಕೂತಿದ್ದ. ಹಾಲಿನಕ್ಕನ ಗಂಡ ಹಸುಗಳೊಂದಿಗೆ ಅವನ ಮುಂದೆ ಹಾದುಹೋದ.

"ಏನ್ ಬರ್ಕೊಂಡ್ರಿ?" ಎಂದಳು ಅವಳು ಬೇಲಿಯಿಂದ.

"ಗಂಡಸರು ಒಬ್ರು, ದನ ನಾಲ್ಕು."

"ಕರು ಬಿಟ್ರಲ್ಲ! ಮಂಜಲ್ಲಿ ಕಾಣ್ಲಿಲ್ವಾ? ಅದನ್ನೂ ಬರ್ಕೊಳ್ಳಿ," ಎಂದು ಜೋರು ಮಾಡಿದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಊರ ಹೊಲದ ಬಳಕೆ ಬದಲಾಗುತ್ತದೆಂಬ ಸುದ್ದಿ ಕಿವಿಗೆ ಬಿದ್ದರೆ ಸುಮ್ಮನೆ ಕೂರಬೇಡಿ. ಕಚೇರಿಗೆ ಹೋಗಿ ಕರಡು ನಕ್ಷೆ ನೋಡಿ. ದಾರಿ, ನೀರು, ಚರಂಡಿಗೆ ಏನು ಏರ್ಪಾಡು ಎಂದು ಕೇಳಿ. ಒಪ್ಪುವವರೂ ಒಪ್ಪದವರೂ ಗಡುವಿನೊಳಗೆ ಬರೆದು ಕೊಡಿ, ರಸೀದಿ ಪಡೆಯಿರಿ, ವಿಚಾರಣೆಗೆ ಮನೆಮಂದಿಯೆಲ್ಲ ಹೋಗಿ ಬಾಯಿಬಿಟ್ಟು ಮಾತಾಡಿ. ಇವತ್ತು ನೀವು ನಿಂತಿರುವ ಅಂಗಳ ಆ ನಕ್ಷೆಯಲ್ಲಿ ಯಾವ ಬಣ್ಣದಲ್ಲಿದೆ, ನೋಡಿದ್ದೀರಾ?