ಬೀಗಗಳ ಜೊತೆ ಹೋದ ಕಾಗದ

ನನ್ನ ಅಕ್ಕನ ಗಂಡ ಬೀಗ ಮಾಡುವವನು. ಕುಲುಮೆಯಲ್ಲಿ ಅವನೂ ಸೇರಿ ಏಳು ಜನ. ಕಾರ್ಖಾನೆಯ ಬೀಗ ಪೇಟೆಗೆ ಬಂದಮೇಲೆ ಏಳೂ ಜನ ನೊಣ ಹೊಡೆಯುತ್ತ ಕೂತಿದ್ದರು. ನಾನು ಹೊಸದಾಗಿ ತೆರೆದ ವಿದೇಶ ವ್ಯಾಪಾರ ಕಚೇರಿಯ ಗುಮಾಸ್ತ. ಪರದೇಶದ ಭಾಷೆ ಬಲ್ಲವನು ಅಲ್ಲಿ ನಾನೊಬ್ಬನೇ. ಆ ಜಂಬ ನನಗಿತ್ತು, ಸುಳ್ಳೇಕೆ ಹೇಳಲಿ.

ಸಮುದ್ರದಾಚೆಯ ಒಂದು ದೇಶದ ಸರ್ಕಾರಕ್ಕೆ ಮೊದಲ ಸಲ ಮಾದರಿ ಸಾಮಾನು ಕಳಿಸುವುದೆಂದಾಗ, ಭಾವನ ನಲವತ್ತು ಬೀಗಗಳನ್ನು ನಾನೇ ಹೊಟ್ಟು ತುಂಬಿದ ಪೆಟ್ಟಿಗೆಯಲ್ಲಿ ಜೋಡಿಸಿದೆ. ಒಂದೊಂದಕ್ಕೂ ಎರಡು ಕೀಲಿ. ಎರಡನ್ನೂ ಒಟ್ಟಿಗೆ ತಿರುಗಿಸದೆ ತೆರೆಯದು.

"ಇನ್ನೂರು ಬೇಕು ಅಂದ್ರೂ ಸಾಕು, ಕುಲುಮೆ ಉಳಿಯುತ್ತೆ," ಎಂದ ಭಾವ.

ಜೊತೆಗೆ ಬೆಲೆಪಟ್ಟಿ ಇಡಬೇಕಿತ್ತು. ನಾನು ಇಡಲಿಲ್ಲ. ಮುಖಪರಿಚಯವಿಲ್ಲದವರಿಗೆ ಮೊದಲ ಕಾಗದದಲ್ಲೇ ದುಡ್ಡಿನ ಮಾತೆತ್ತುವುದೇ? ಎರಡು ಪುಟ ಕುಶಲ ವಿಚಾರಿಸಿ, 'ನಮ್ಮ ಜನರ ಪ್ರೀತಿಯ ನೆನಪಿಗೆ' ಎಂದು ಮುಗಿಸಿದೆ. ಅವರು ಉತ್ತರ ಬರೆಯಲಿ, ಆಮೇಲೆ ಬೆಲೆ ತಿಳಿಸಿದರಾಯಿತು ಅಂದುಕೊಂಡೆ. ನಮ್ಮ ಕಚೇರಿಯ ನಿರ್ದೇಶಕರು ಅದನ್ನು ಓದಿಸಿ ಕೇಳಿ ತಲೆದೂಗಿದರು.

ಉತ್ತರ ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಕುಲುಮೆಯ ಉಳಿದ ಆರೂ ಜನ ಕೂಲಿ ಹುಡುಕಿಕೊಂಡು ದಿಕ್ಕಿಗೊಬ್ಬರಾಗಿದ್ದರು. ಹಿಂದಿನ ವಾರವಷ್ಟೇ ಭಾವ ತಿದಿ, ಸುತ್ತಿಗೆಗಳನ್ನೆಲ್ಲ ಮಾರಿದ್ದ.

"ಅಂತೂ ಸ್ನೇಹ ಕುದುರಿತು," ಎಂದು ನಿರ್ದೇಶಕರು ಆ ಕಾಗದಕ್ಕೆ ಚೌಕಟ್ಟು ಹಾಕಿಸಲು ಹೇಳಿದರು. ಅದಕ್ಕೂ ಮೊದಲು ಅದನ್ನು ಭಾವನ ಮನೆಗೆ ಒಯ್ದೆ.

"ಓದು," ಎಂದ.

ಓದಿದೆ. ಬೀಗಗಳನ್ನು ವಸ್ತುಸಂಗ್ರಹಾಲಯದ ಗಾಜಿನ ಕಪಾಟಿನಲ್ಲಿ ಇಟ್ಟಿದ್ದಾರೆ, ಜನ ಬಂದು ನೋಡಿ ಬೆರಗಾಗುತ್ತಾರೆ. ಮುಂದಿನ ಸಾಲುಗಳು ಹೀಗಿದ್ದವು: 'ಇಂಥವು ಎರಡು ಸಾವಿರ ಸಿಗಬಹುದೇ ಎಂದು ನಮ್ಮ ವರ್ತಕರು ವಿಚಾರಿಸಿದರು. ಪ್ರೀತಿಯಿಂದ ಕೊಟ್ಟದ್ದಕ್ಕೆ ಬೆಲೆ ಕೇಳುವುದು ಸಭ್ಯತೆಯಲ್ಲವೆಂದು ನಾವೇ ಅವರನ್ನು ತಡೆದೆವು.'

ಆ ಸಾಲುಗಳನ್ನು ನಾನು ಭಾವನಿಗೆ ಓದಿ ಹೇಳಲಿಲ್ಲ. ಕಾಗದ ಮಡಚಿ ಜೇಬಿಗಿಟ್ಟುಕೊಂಡೆ, ಅಂಥ ಹೇಡಿ ನಾನು.

"ಅಷ್ಟೇನಾ?"

"ಅಷ್ಟೇ."

"ಹೋಗ್ಲಿ ಬಿಡು. ಅವರಿಗೆ ಬೇಡವಾಯ್ತು, ಅದಕ್ಕೆ ನೀನೇನು ಮಾಡ್ತೀಯ? ನಿನ್ನ ಕೈಲಾದಷ್ಟು ಮಾಡ್ದೆ," ಎಂದ ಭಾವ ಅಕ್ಕನ ಕಡೆ ತಿರುಗಿ, "ಇವನಿಗೆ ಬಡಿಸು, ಬೆಳಿಗ್ಗೆಯಿಂದ ಏನೂ ತಿಂದ ಹಾಗಿಲ್ಲ," ಎಂದ.

ಅಕ್ಕ ಬಡಿಸಿದಳು. ತಲೆ ತಗ್ಗಿಸಿ ಉಂಡೆ.